ಖಾಸಗಿ ಆಸ್ಪತ್ರೆಗಳ ಸಿಸೇರಿಯನ್‌ಗೆ ಸರ್ಕಾರ ಮಿತಿ ಹಾಕಬೇಕೇ?

ಪರ: ಹಾಕಲೇಬೇಕು

ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 31.5 ಸಿಸೇರಿಯನ್. ಇದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ 23.6 ಇತ್ತು. ದೇಶದಲ್ಲಿ ಸರ್ಕಾರಿ ಆಸ್ಪತ್ರೆಗಳ ಸಿಸೇರಿಯನ್ ಪ್ರಮಾಣ ಶೇ 14.3 ಇದ್ದರೆ ಖಾಸಗಿಯದ್ದು ಶೇ 47.4. ತೆಲಂಗಾಣದ ಖಾಸಗಿ ಆಸ್ಪತ್ರೆಗಳಲ್ಲಿ ಶೇ 81.5! ಕಷ್ಟದ ಕೇಸುಗಳನ್ನು ಕೊನೆಗೆ ಕಳಿಸುವುದು ಜಿಲ್ಲಾಸ್ಪತ್ರೆಗೆ. ಹಾಗಿದ್ದೂ ಆಪರೇಷನ್ ಹೆಚ್ಚಾಗುವುದು ಖಾಸಗಿಯಲ್ಲಿ ಎಂದರೆ, ಕಾರಣವನ್ನು ಬಸುರಿಯ ದೇಹದಲ್ಲಿ ಹುಡುಕಿ ಫಲವಿಲ್ಲ.

ಕಾರಣ ಸಮಯದ್ದು, ದುಡ್ಡಿನದ್ದು. ಚೊಚ್ಚಲ ಹೆರಿಗೆಯ ನೋವಿಗೆ ಅರ್ಧ ದಿನ ಕಾಯಬೇಕು. ಆಪರೇಷನ್ ಒಂದು ಗಂಟೆಯೊಳಗೆ ಮುಗಿಯುತ್ತದೆ. "ನೀರು ಕಮ್ಮಿ ಇದೆ", "ಮಗುವಿನ ಕೊರಳಿಗೆ ಕರುಳು ಸುತ್ತಿದೆ" ಎಂದು ಡಾಕ್ಟರು ಹೇಳಿದ ಮೇಲೆ ಯಾವ ಅಪ್ಪ, ಯಾವ ಗಂಡ ಎದುರಾಡುತ್ತಾನೆ? ಸರ ಅಡವಿಡುತ್ತಾರೆ. ಕೂಲಿಗೆ ಹೋಗುವವಳು ಹೊಲಿಗೆ ಮಾಗುವ ತನಕ ಬಿಂದಿಗೆ ಎತ್ತುವಂತಿಲ್ಲ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಂಡರೆ ಜೀವಕ್ಕೇ ಅಪಾಯ.

ಮಿತಿ ಎಂದರೆ ಆಪರೇಷನ್ ಕೋಣೆಯ ಬಾಗಿಲಲ್ಲಿ ಅಧಿಕಾರಿಯನ್ನು ನಿಲ್ಲಿಸುವುದಲ್ಲ. ಚೊಚ್ಚಲು, ದಿನ ತುಂಬಿದೆ, ಒಂದೇ ಮಗು, ತಲೆ ಕೆಳಗಿದೆ, ನೋವು ತಾನಾಗಿ ಬಂದಿದೆ: ಇಂಥ ತಾಯಂದಿರಲ್ಲಿ ಎಷ್ಟು ಜನರಿಗೆ ಹೊಟ್ಟೆ ಕೊಯ್ದಿರಿ ಎಂದು ಪ್ರತಿ ಆಸ್ಪತ್ರೆಯನ್ನೂ ಕೇಳುವುದು. ಗೆರೆ ದಾಟಿದರೆ ಕೇಸ್‌ಶೀಟು ತರಿಸಿ ನೋಡುವುದು.

ವಿರೋಧ: ಮಿತಿಯಿಂದ ಬಡವಳಿಗೆ ಏನು ಸಿಕ್ಕೀತು?

ಅದೇ ಸಮೀಕ್ಷೆಯ ಮತ್ತೊಂದು ಪುಟ ತೆರೆಯೋಣ. ದೇಶದ ಅತಿ ಸಿರಿವಂತ ಐದನೇ ಒಂದು ಭಾಗದ ಮನೆಗಳಲ್ಲಿ ಸಿಸೇರಿಯನ್ ಶೇ 39, ಕಡುಬಡವರ ಐದನೇ ಒಂದು ಭಾಗದಲ್ಲಿ ಶೇ 7. ನಾಗಾಲ್ಯಾಂಡಿನ ಒಟ್ಟು ಪ್ರಮಾಣ ಶೇ 5.2. ನಾಗಾಲ್ಯಾಂಡಿನ ಹೆಂಗಸರೆಲ್ಲ ಸುಸೂತ್ರವಾಗಿ ಹೆರುತ್ತಾರೆ ಎಂದು ಯಾರೂ ಅಂದುಕೊಳ್ಳಬೇಕಿಲ್ಲ. ಬೇಕಾದಾಗ ಆಪರೇಷನ್ ಸಿಗದವರು ಆ ಅಂಕಿಯೊಳಗಿದ್ದಾರೆ. ಮಿತಿ ಹಾಕಿದರೆ 39 ಇಳಿದೀತು. 7 ಏರುವುದಿಲ್ಲ.

ರಾತ್ರಿ ಎರಡು ಗಂಟೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬಳ ಹೆರಿಗೆ ಮುಂದೆ ಸಾಗದೆ ನಿಂತಿದೆ ಎನ್ನಿ. ಹೆರಿಗೆ ಡಾಕ್ಟರು ಇದ್ದಾರೆ, ಅರಿವಳಿಕೆ ಡಾಕ್ಟರಿಲ್ಲ. ಇಬ್ಬರೂ ಇದ್ದ ದಿನ ರಕ್ತವಿಲ್ಲ. ತಾಯಿ ಕಾರ್ಡಿನ ಮೇಲೆ ಜಿಲ್ಲಾಸ್ಪತ್ರೆಗೆ ಬರೆದುಕೊಡುತ್ತಾರೆ, 108 ಹೊರಡುತ್ತದೆ. ದಾರಿಯಲ್ಲಿ ನೋವು ತಡೆಯಲಾರದೆ ಮನೆಯವರು ಖಾಸಗಿ ನರ್ಸಿಂಗ್ ಹೋಂ ಬಾಗಿಲು ತಟ್ಟುತ್ತಾರೆ. ಆ ತಿಂಗಳ ಲೆಕ್ಕ ಗೆರೆ ಮುಟ್ಟಿದ್ದರೆ "ಇಲ್ಲಿ ಆಗಲ್ಲಮ್ಮ, ಮುಂದೆ ಹೋಗಿ" ಎನ್ನುತ್ತಾರೆ. ಚೊಚ್ಚಲಿನವರನ್ನು ಮಾತ್ರ ಎಣಿಸುತ್ತೇವೆಂದರೂ ಇವಳೂ ಚೊಚ್ಚಲಿನವಳೇ ಇರಬಹುದಲ್ಲ! ಲೆಕ್ಕಕ್ಕೆ ಹೆದರಿದ ಆಸ್ಪತ್ರೆ ಮೊದಲು ದೂರವಿಡುವುದು ಅಪಾಯದಲ್ಲಿರುವವಳನ್ನು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಪ್ರಮಾಣ ಶೇ 10 ದಾಟಿದ ಮೇಲೆ ಸಾವು ಮತ್ತಷ್ಟು ಇಳಿದದ್ದು ಕಾಣಲಿಲ್ಲ ಎಂದಿತು, ನಿಜ. ಒಂದು ಸಂಖ್ಯೆಯ ಬೆನ್ನು ಹತ್ತುವ ಬದಲು ಅಗತ್ಯವಿರುವ ಪ್ರತಿ ಹೆಣ್ಣಿಗೂ ಸಿಸೇರಿಯನ್ ಸಿಗುವಂತೆ ಮಾಡಿ ಎಂದೂ ಅದೇ ಹೇಳಿಕೆಯಲ್ಲಿತ್ತು.

ಸಿಕ್ಕರಷ್ಟೇ ಸಾಲದು ಎಂಬುದನ್ನು ಬಳ್ಳಾರಿ ತೋರಿಸಿತು. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂತು. ದುಡ್ಡಿಲ್ಲದವರು ನಂಬಿ ಬಂದ ಜಾಗ ಅದು. ಅವರ ಮಕ್ಕಳು ಈಗ ಅಜ್ಜಿಯರ ಮಡಿಲಲ್ಲಿ ಬೆಳೆಯುತ್ತಿದ್ದಾರೆ ಎಂದು ನೆನೆದರೆ ಹೊಟ್ಟೆ ಕಿವುಚುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ರಕ್ತ, ಔಷಧ ಎಲ್ಲವೂ ಉಚಿತ ಎಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಮಾತು ಕೊಟ್ಟಿದೆ. ಆ ಮಾತು ರಾತ್ರಿಯೂ ನಡೆಯಬೇಕಾದರೆ ತಾಲ್ಲೂಕಿಗೆ ಇಬ್ಬರು ಅರಿವಳಿಕೆ ಡಾಕ್ಟರು ಬೇಕು, ರಕ್ತ ಇಡುವ ಫ್ರಿಜ್ ಬೇಕು. ಮಿತಿಯ ಕಾನೂನು ಬರೆಯುವ ಮೊದಲು, ಇವತ್ತಿನ ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ ಎಂಬ ಪಟ್ಟಿಯನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಅಂಟಿಸಲಿ. ನೋವು ಶುರುವಾಗುವ ಮುಂಚೆಯೇ ಊರಿನ ಆಶಾ ಕಾರ್ಯಕರ್ತೆ ಅದನ್ನು ಓದಿ ಹೇಳುವಂತಾಗಲಿ.