ಆಸರೆ ಕೊಟ್ಟವರು ‘ಮನಿ ಬಿಡು’ ಅಂದರೆ ಬಿಡಲೇಬೇಕೆ?

ಪರ: ಕೊಟ್ಟ ಆಸರೆಗೆ ಕೊನೆಯೂ ಇರಬೇಕು

ಸಿರುಗುಪ್ಪ, ಸಂಡೂರು ಕಡೆಯ ಹುಡುಗರಿಗೆ ಬಳ್ಳಾರಿಯಲ್ಲಿ ಮೊದಲ ಹಾಸ್ಟೆಲ್ ಎಂದರೆ ಸೋದರಮಾವನ ಮನೆಯೇ. ಕಾಲೇಜು ಮುಗಿದು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಸಿಕ್ಕ ಮೇಲೂ ಅಲ್ಲೇ ಇರುತ್ತಾರೆ. ಬಾಡಿಗೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಮಾವನ ಮಗನಿಗೆ ಹೆಣ್ಣು ಗೊತ್ತಾದಾಗ ತಕರಾರು ಶುರು. ‘ಮದುವಿ ಐತಪ್ಪಾ, ನೀನು ಬ್ಯಾರೆ ರೂಮ್ ನೋಡ್ಕೊ’ ಎಂದರೆ, ‘ಹನ್ನೆರಡು ವರ್ಷ ಆತು ಮಾಮ, ನನಗೂ ಹಕ್ಕೈತಿ’ ಎಂಬ ಉತ್ತರ ಬರುತ್ತದೆ. ಚಹಾದಂಗಡಿ ವಕೀಲರು ಹೇಳಿಕೊಟ್ಟ ಪಾಠ ಅದು.

12 ವರ್ಷದ ಮಾತು 1963ರ ಕಾಲಮಿತಿ ಕಾಯ್ದೆಯಲ್ಲಿ ಇದೆ, ನಿಜ. ಆದರೆ ಅದು ಮಾಲೀಕನನ್ನು ಧಿಕ್ಕರಿಸಿ, ನಾಲ್ಕು ಜನಕ್ಕೆ ಗೊತ್ತಾಗುವಂತೆ ಆಸ್ತಿ ಅನುಭವಿಸಿದವರ ವಿಷಯ. ಮಾವನ ಅನುಮತಿಯಿಂದ ಇದ್ದವನಿಗೆ ಅದು ದಕ್ಕುವುದಿಲ್ಲ. ಗೋವಾದ ಒಂದು ಮನೆಗಾಗಿ ಒಡಹುಟ್ಟಿದವರೇ ಹೊಡೆದಾಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದನ್ನು ಬಿಡಿಸಿ ಹೇಳಿತು: ಬಿಟ್ಟಿಯಾಗಿ ಇರಲು ಬಿಟ್ಟ ಸಂಬಂಧಿ ದಶಕಗಟ್ಟಲೆ ಇದ್ದರೂ ಆ ಮನೆಯ ಮೇಲೆ ಅವನಿಗೆ ಹಕ್ಕು ಹುಟ್ಟುವುದಿಲ್ಲ. ಆಧಾರ್, ರೇಷನ್ ಕಾರ್ಡಿನಲ್ಲಿ ಆ ವಿಳಾಸ ಇದ್ದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಬೆಳೆದ ಮಗನಿಗೂ ಇದೇ ಮಾತು. ತಂದೆ-ತಾಯಿ ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆಯಲ್ಲಿ ಅವನು ಇರುವುದು ಅವರ ದಯೆಯಿಂದಲೇ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ.

ಕಾನೂನು ಮಾಲೀಕನ ಪರ ಇದೆ, ದಾರಿ ಮಾತ್ರ ದೂರ. ಸಿವಿಲ್ ದಾವೆ ಹೂಡಿದರೆ ಮೊಮ್ಮಗನ ನಾಮಕರಣದ ಹೊತ್ತಿಗೆ ತೀರ್ಪು ಬಂದರೆ ಪುಣ್ಯ. 60 ದಾಟಿದವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಉಂಟು. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ನೋಡಿಕೊಳ್ಳುತ್ತೇನೆ ಎಂದು ಮನೆ ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು, ಸ್ವಾಧೀನವನ್ನೂ ವಾಪಸ್ ಕೊಡಿಸಬಹುದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಐವತ್ತರ ಮಾವ ಏನು ಮಾಡಬೇಕು? ನೋಟಿಸ್ ಕೊಟ್ಟು, ಮೂರು ತಿಂಗಳು ಕಾದು, ಆಮೇಲೂ ಬಿಡದಿದ್ದರೆ ಬೀಗ ಬದಲಿಸುವ ಹಕ್ಕು ಅವನಿಗಿರಲಿ ಎನ್ನುವುದು ನನ್ನ ವಾದ. ಇಲ್ಲದಿದ್ದರೆ ನಾಳೆ ಅಕ್ಕನ ಮಗನಿಗೆ ಯಾರೂ ಚಾಪೆ ಹಾಸುವುದಿಲ್ಲ.

ವಿರೋಧ: ಬೀಗ ಬದಲಿಸುವ ಮೊದಲು ಮನೆ ಯಾರದು ಕೇಳಿ

ಮಾವ-ಅಳಿಯನ ಕತೆ ಸುಲಭದ್ದು, ಅದಕ್ಕೇ ಎಲ್ಲರೂ ಅದನ್ನೇ ಹೇಳುತ್ತಾರೆ. ಗಂಡ ಸತ್ತು ತವರಿಗೆ ಬಂದ ಅಕ್ಕನ ಕತೆ ತೆಗೆದುಕೊಳ್ಳಿ. ಮನೆ ಅಪ್ಪ ಕಟ್ಟಿಸಿದ್ದು. ಅಪ್ಪ ಉಯಿಲು ಬರೆಯದೆ ಹೋದರು. ಖಾತೆ ಹಿರಿಮಗನ ಹೆಸರಿಗೆ ಆಯಿತು, ಯಾರೂ ಪ್ರಶ್ನೆ ಮಾಡಲಿಲ್ಲ. ಈಗ ಆ ಖಾತೆ ಹಿಡಿದು ‘ನಮ್ಮ ಮನಿ ಬಿಡಕ್ಕ’ ಅನ್ನುತ್ತಾನೆ ತಮ್ಮ. ಖಾತೆ ತೆರಿಗೆ ಕಟ್ಟುವುದಕ್ಕೆ, ಒಡೆತನಕ್ಕಲ್ಲ. ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗಳಿಗೆ ಮಗನಷ್ಟೇ ಪಾಲು. ಪಿತ್ರಾರ್ಜಿತವಾದರೆ ಕರ್ನಾಟಕ 1994ರಲ್ಲೇ ದಾರಿ ತೆರೆದಿತ್ತು, 2005ರಲ್ಲಿ ದೇಶಕ್ಕೆಲ್ಲ ಬಂತು. ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ, ಆದರೆ ಮಗಳಿಗೆ ಪಾಲಂತೂ ಇದೆ. ಅಂದರೆ ತಮ್ಮ ಹೊರಗೆ ಕಳಿಸುತ್ತಿರುವುದು ಸಹಮಾಲೀಕಳನ್ನು. ಮೂರು ತಿಂಗಳ ನೋಟಿಸ್ ಅವಳಿಗೂ ಹೋಗಬೇಕೇ?

ಪಾಲಿಲ್ಲದ ಹೆಣ್ಣಿಗೂ ನೆಲೆ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಂ, ಒಟ್ಟಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಹೆಂಡತಿಗಷ್ಟೇ ಕೊಟ್ಟಿಲ್ಲ. ರಕ್ತಸಂಬಂಧದಿಂದ ಕೂಡಿ ಬಾಳಿದ ಅಕ್ಕ, ಅಮ್ಮನಿಗೂ ಅದು ಸಲ್ಲುತ್ತದೆ. ಮನೆ ಅತ್ತೆ-ಮಾವನ ಹೆಸರಲ್ಲಿದ್ದರೂ ಸೊಸೆಗೆ ಈ ಹಕ್ಕು ಇರಬಲ್ಲದು ಎಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಬ್ಬಕ್ಕೆ ಬಂದು ನಾಲ್ಕು ದಿನ ಇದ್ದು ಹೋದರೆ ಸಾಲದು, ನೆಲೆಯಾಗಿ ಇದ್ದಿರಬೇಕು ಎಂದೂ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಬೆಂಗಳೂರಿನ ಸೊಸೆಯೊಬ್ಬಳ ಪ್ರಕರಣ ಬಂತು. ಹಿರಿಯ ನಾಗರಿಕರ ಕಾಯ್ದೆ ಹಿಡಿದು ಅಧಿಕಾರಿಗಳು ಅವಳನ್ನು ಹೊರಗೆ ಕಳಿಸಲು ಆದೇಶಿಸಿದ್ದರು. ಈ ಹಕ್ಕನ್ನು ಹಾಗೆ ಮೀರಲಾಗದು ಎಂದು ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಪರ ಬರೆದವರು ಮೆಚ್ಚಿದ ಚುರುಕು ದಾರಿಯ ಇನ್ನೊಂದು ಮುಖ ಇದು.

ಇನ್ನು ದುಡ್ಡು. ಬಳ್ಳಾರಿಯ ಜೀನ್ಸ್ ಕೆಲಸ ಎಷ್ಟೋ ಮನೆಗಳ ಒಳಗೇ ನಡೆಯುತ್ತದೆ. ಅಣ್ಣನ ಮನೆ ಮೇಲೆ ತಮ್ಮ ತನ್ನ ಖರ್ಚಿನಲ್ಲಿ ಸ್ಲ್ಯಾಬ್ ಹಾಕಿಸುತ್ತಾನೆ, ಹೊಲಿಗೆ ಯಂತ್ರ ಸಾಲಾಗಿ ಇಡುತ್ತಾನೆ, ಮೀಟರ್ ಬೇರೆ ತೆಗೆದುಕೊಳ್ಳುತ್ತಾನೆ. ಸಿಮೆಂಟಿನ ಚೀಟಿ, ಮೇಸ್ತ್ರಿಗೆ ಕೊಟ್ಟ ಫೋನ್‌ಪೇ ಲೆಕ್ಕ, ಜೆಸ್ಕಾಂ ಬಿಲ್ಲು ಎಲ್ಲ ಅವನ ಹತ್ತಿರ. ಮದ್ರಾಸ್ ಪ್ರಾಂತದ ಕಾಲದಿಂದ ಇಲ್ಲಿ ನಡೆದುಬಂದ 1882ರ ಈಸ್‌ಮೆಂಟ್ ಕಾಯ್ದೆಯ 60ನೇ ಕಲಂ ಅವನಿಗಾಗಿಯೇ ಇದೆ: ಅನುಮತಿಯನ್ನು ನಂಬಿ ಸ್ವಂತ ಖರ್ಚಿನಲ್ಲಿ ಶಾಶ್ವತ ಕಟ್ಟಡ ಕಟ್ಟಿದವನ ಅನುಮತಿಯನ್ನು ಬೇಕೆಂದಾಗ ಹಿಂಪಡೆಯುವಂತಿಲ್ಲ. ತಗಡಿನ ಶೆಡ್ ಹಾಕಿದವನು ಈ ವಾದ ಹೂಡಿದರೆ ನಿಲ್ಲುವುದು ಕಷ್ಟ. ಆದರೂ 63ನೇ ಕಲಂ ಸಾಮಾನು ಸಾಗಿಸಲು ತಕ್ಕಷ್ಟು ಸಮಯವನ್ನು ಎಲ್ಲರಿಗೂ ಕೊಡುತ್ತದೆ.

ಬೀಗದ ಮಾತಿಗೆ ಬರೋಣ. ಸ್ವಾಧೀನದಲ್ಲಿ ಇದ್ದವರನ್ನು ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಡಿ ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಅಲ್ಲಿ ಒಡೆತನದ ಪ್ರಶ್ನೆಯೇ ಬರುವುದಿಲ್ಲ. ಪಡಸಾಲೆಯಲ್ಲಿ ಮಲಗುತ್ತಿದ್ದ ಅಳಿಯನಿಗೆ ಇದು ಸಿಗುವುದು ಕಷ್ಟ, 2012ರ ತೀರ್ಪು ಅವನಿಗೆ ಅಡ್ಡ ಬರುತ್ತದೆ, ಒಪ್ಪುತ್ತೇನೆ. ಆದರೆ ಅವನು ಅಳಿಯನೋ ಪಾಲುದಾರನೋ ಎಂದು ತೀರ್ಮಾನಿಸುವವನು ಬೀಗ ಹಿಡಿದು ನಿಂತವನೇ ಆಗಬಾರದು.

ತಡ ಆಗುತ್ತದೆ ಎನ್ನುವ ದೂರು ಮಾತ್ರ ನಿಜ. ಅದಕ್ಕೆ ಮದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ, ಸಹಾಯವಾಣಿ 15100. ಮನೆ ಬಿಡುವ ತಾರೀಕು, ಸ್ಲ್ಯಾಬಿನ ಲೆಕ್ಕ, ಅಕ್ಕನ ಪಾಲು ಇಷ್ಟನ್ನೂ ಲೋಕ ಅದಾಲತ್‌ನಲ್ಲಿ ಒಪ್ಪಿ ಬರೆಸಿದರೆ ಅದಕ್ಕೆ ಡಿಕ್ರಿಯ ಬೆಲೆ, ಮೇಲೆ ಅಪೀಲೂ ಇಲ್ಲ. ಹಿರ್ಯಾರ ಪಂಚಾಯಿತಿಯಲ್ಲಿ ಬರೆದ ಛಾಪಾ ಕಾಗದಕ್ಕೆ ಆ ಬೆಲೆ ಇಲ್ಲ.