ಓರಗೆಯವರು

2025ರ ಫೆಬ್ರುವರಿಯ ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗ, "ಅಪ್ಪಾಜಿ, ಮುಂದಿನ ತಿಂಗಳು ಮುಂಬೈಗೆ ಹೋಗಬೇಕು, ಗ್ರೀನ್ ಡೇ ಇದೆ" ಎಂದ. ಪಲ್ಯ ಬಡಿಸುತ್ತಿದ್ದ ನನ್ನ ಹೆಂಡತಿ, "ಗಿಡ ನೆಡುವುದಕ್ಕೆ ಅಷ್ಟು ದೂರ ಯಾಕೆ? ಬಾತಿ ಕೆರೆಯ ಏರಿಯ ಮೇಲೆ ನೆಟ್ಟರೆ ಸಾಲದೇ?" ಎಂದಳು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅವಳು ಮೊದಲು ಬಾಯಿಬಿಟ್ಟದ್ದರಿಂದ ಎಲ್ಲ ತಿಳಿದವನಂತೆ ನಗುವ ಭಾಗ್ಯ ನನಗೆ ಸಿಕ್ಕಿತು.

ಗ್ರೀನ್ ಡೇ ಎಂದರೆ ಪಂಕ್ ರಾಕ್ ಎಂಬ ಅಬ್ಬರದ, ಬಂಡಾಯದ ಸಂಗೀತ ನುಡಿಸುವ ಕ್ಯಾಲಿಫೋರ್ನಿಯಾದ ಒಂದು ತಂಡ. ಮಾರ್ಚ್ 9ರ ಭಾನುವಾರ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಅವರ ಹಾಡುಗಾರಿಕೆ. ಭಾರತಕ್ಕೆ ಬರುತ್ತಿರುವುದು ಇದೇ ಮೊದಲು. ಪಕ್ಕದ ಬೀದಿಯ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಮಗ ಟಿಕೆಟ್ಟನ್ನು ಆಗಲೇ ತೆಗೆದಿದ್ದ. ನಮ್ಮನ್ನು ಕೇಳಿದ್ದು ಅಪ್ಪಣೆಯನ್ನಲ್ಲ, ಬಸ್ಸಿನ ದುಡ್ಡನ್ನು. ಅವನ ಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಐದಾರು ವರ್ಷಗಳಿಂದ ಕೇಳಿಬರುತ್ತಿದ್ದ ಸದ್ದು, ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿದಂತಹ ಆ ಸದ್ದು, ಇವರದೇ ಎಂದು ಅಂದು ತಿಳಿಯಿತು. ಅದು ನನ್ನ ತಲೆಮಾರಿನ ವಿರುದ್ಧ ಹೂಡಿದ ಮೊಕದ್ದಮೆಯೆಂದೇ ನಾನು ನಂಬಿದ್ದೆ.

ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಆ ಮೊಕದ್ದಮೆಯ ವಾದಿಗಳನ್ನು ಹುಡುಕಿದೆ. ಇರುವವರು ಮೂರೇ ಜನ. ಗಿಟಾರ್ ಹಿಡಿದು ಹಾಡುವವನು ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್, ಬೇಸ್ ಗಿಟಾರಿಗೆ ಮೈಕ್ ಡರ್ಂಟ್, ಡ್ರಮ್ಸಿಗೆ ಟ್ರೇ ಕೂಲ್. ಶಾಲೆಯಲ್ಲಿ ಬರಿಗೈಯಲ್ಲೇ ಬೇಸ್ ನುಡಿಸುವಂತೆ ನಟಿಸುತ್ತ ಬಾಯಲ್ಲಿ "ಡರ್ಂಟ್ ಡರ್ಂಟ್" ಎನ್ನುತ್ತಿದ್ದ ಹುಡುಗನಿಗೆ ಅದೇ ಹೆಸರಾಗಿ ಉಳಿಯಿತಂತೆ. ನಮ್ಮ ಓಣಿಯವರೂ ಹೆಸರಿಡುವುದು ಹೀಗೆಯೇ. ಆದರೆ ನನ್ನನ್ನು ಎದ್ದು ಕೂರಿಸಿದ ಸಂಗತಿ ಬೇರೆ. ಮೂವರೂ ಹುಟ್ಟಿದ್ದು 1972ರಲ್ಲಿ. ನಾನೂ.

ಮಗನ ಬಂಡಾಯದ ನಾಯಕರಿಗೆ ಅಪ್ಪನ ವಯಸ್ಸು! ಬಿಲ್ಲಿ ಜೋ ನಮ್ಮೂರಿನಲ್ಲಿ ಹುಟ್ಟಿದ್ದರೆ ನನ್ನ ಜೊತೆ ಅದೇ ಬೆಂಚಿನಲ್ಲಿ ಕೂರಬೇಕಾಗಿತ್ತು. 1987ರಲ್ಲಿ ಅವನೂ ಡರ್ಂಟೂ ಸ್ವೀಟ್ ಚಿಲ್ಡ್ರನ್ ಎಂಬ ಹೆಸರಿನಲ್ಲಿ ತಂಡ ಕಟ್ಟುತ್ತಿದ್ದಾಗ ನಾನು, ಗಣಿತದಲ್ಲಿ ಮೂವತ್ತೈದು ಕೊಡಿಸು ತಾಯಿ ಎಂದು ದುಗ್ಗಮ್ಮನಿಗೆ ಹರಕೆ ಹೊತ್ತು ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದೆ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1994ರಲ್ಲಿ ಅವರ 'ಡೂಕಿ' ಎಂಬ ಆಲ್ಬಂ ಬಂತು. ಅಮೆರಿಕವೊಂದರಲ್ಲೇ ಅದರ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾದವು. ನಾನು ಆ ವರ್ಷ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿ ಸೇರಿ ಖಾತೆ ಪುಸ್ತಕಕ್ಕೆ ಕೆಂಪು ಗೆರೆ ಎಳೆಯುವುದನ್ನು ಕಲಿತೆ. 2004ರಲ್ಲಿ ಅವರು ಯುದ್ಧದ ಮೇಲೂ ಟಿವಿಯ ಮೇಲೂ ಸಿಟ್ಟಾಗಿ 'ಅಮೆರಿಕನ್ ಈಡಿಯಟ್' ಎಂಬ ಆಲ್ಬಂ ಮಾಡಿದರು. ನಮ್ಮ ಮನೆಯಲ್ಲಿ ಇವನು ಹುಟ್ಟಿದ. 2015ರಲ್ಲಿ ಅವರಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನಲ್ಲಿ ಸ್ಥಾನ ಸಿಕ್ಕಿತು, ನನಗೆ ರಕ್ತದೊತ್ತಡದ ಮಾತ್ರೆ.

ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಕಷ್ಟವನ್ನು ಓದಿದಾಗ ಸ್ವಲ್ಪ ಸಮಾಧಾನವಾಯಿತು. ಬರ್ಕ್ಲಿಯ ಗಿಲ್ಮನ್ ಬೀದಿಯ 924ನೆಯ ನಂಬರಿನ ಕಟ್ಟಡದಲ್ಲಿ ಸ್ವಯಂಸೇವಕರೇ ನಡೆಸುವ ಸಂಗೀತದ ಕೊಟಡಿಯೊಂದಿದೆ. ಈ ಹುಡುಗರು ಬೆಳೆದದ್ದು ಅಲ್ಲಿ. ದೊಡ್ಡ ರೆಕಾರ್ಡ್ ಕಂಪನಿಗಳ ತಂಡಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. 1993ರಲ್ಲಿ ಇವರು ದೊಡ್ಡ ಕಂಪನಿಯೊಂದಕ್ಕೆ ಸಹಿ ಹಾಕಿದ್ದೇ ತಡ, ಸಾಕಿದ ಮನೆಯ ಬಾಗಿಲೇ ಮುಚ್ಚಿಕೊಂಡಿತು. ಮತ್ತೆ ಅಲ್ಲಿ ನುಡಿಸಿದ್ದು 2015ರಲ್ಲಿ. ದಾವಣಗೆರೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಬೆಣ್ಣೆ ದೋಸೆಯವರು ಬೆಂಗಳೂರಿನಲ್ಲಿ ಅಂಗಡಿ ತೆರೆದ ದಿನವೇ ನಾವು ಇಲ್ಲಿ ಕುಳಿತು "ರುಚಿ ಹೋಯಿತು" ಎಂದು ತೀರ್ಪು ಕೊಡುತ್ತೇವೆ. ಅಲ್ಲಿಗೆ ಹೋಗಿ ತಿಂದು ನೋಡುವ ಗೋಜಿಗೆ ಹೋಗುವುದಿಲ್ಲ. ನಾನಂತೂ ಹೋಗಿಲ್ಲ.

ಮಗ ಯಾತ್ರೆಯ ವಿವರವನ್ನೂ ತೋರಿಸಿದ. 2024ರಲ್ಲಿ 'ಡೂಕಿ'ಗೆ ಮೂವತ್ತು ವರ್ಷ, 'ಅಮೆರಿಕನ್ ಈಡಿಯಟ್'ಗೆ ಇಪ್ಪತ್ತು ತುಂಬಿದವೆಂದು ಎರಡನ್ನೂ ಮೊದಲಿನಿಂದ ಕೊನೆಯವರೆಗೆ ನುಡಿಸುತ್ತ ಊರೂರು ಸುತ್ತಿದ್ದರಂತೆ. "ಎಲ್ಲ ಹಾಡೂ ನಿನಗೆ ಬಾಯಿಪಾಠ, ಮತ್ತೆ ಕೇಳುವುದೇನಿದೆ?" ಎಂದೆ. ಎಂದ ಮೇಲೆ ನಾಲಗೆ ಕಚ್ಚಿಕೊಂಡೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದು. ನೋಡಿದ ನಾಟಕಕ್ಕೇ ಮತ್ತೆ ಟಿಕೆಟ್ ಕೊಂಡು, ಹಾಸ್ಯಗಾರ ಬಾಯಿ ತೆರೆಯುವ ಮೊದಲೇ ಅವನ ಮಾತನ್ನು ಪಕ್ಕದವರಿಗೆ ಹೇಳಿ ನಗುತ್ತಿದ್ದವನು ನಾನೇ.

ಇಷ್ಟೆಲ್ಲ ಓದಿದ್ದರಲ್ಲಿ ನನ್ನ ಮನಸ್ಸು ಹಿಡಿದು ನಿಂತದ್ದು ಒಬ್ಬ ಅಪ್ಪ. ತಂಡದ ಮೊದಮೊದಲ ತಿರುಗಾಟಕ್ಕೆ ಟ್ರೇ ಕೂಲ್‌ನ ತಂದೆ ಹಳೆಯ ಸಂಚಾರಿ ಗ್ರಂಥಾಲಯದ ವಾಹನವೊಂದನ್ನು ರಿಪೇರಿ ಮಾಡಿಸಿ, ತಾನೇ ಚಾಲಕನಾಗಿ ಹುಡುಗರನ್ನು ಊರಿಂದೂರಿಗೆ ಕರೆದೊಯ್ದನಂತೆ. ಪುಸ್ತಕ ಹೇರುತ್ತಿದ್ದ ಗಾಡಿಯಲ್ಲಿ ಡ್ರಮ್ಮು, ಸ್ಪೀಕರು, ಒಗೆಯದ ಬಟ್ಟೆ. ಹಿಂದೆ ಹುಡುಗರು ಲೋಕವನ್ನೇ ಬೈಯುತ್ತ ಕುಳಿತಿದ್ದರೆ ಮುಂದೆ ಅಪ್ಪ ಡೀಸೆಲ್ಲಿನ ಮುಳ್ಳು ನೋಡುತ್ತ ಕುಳಿತಿರಬೇಕು. ಅವನಿಗೆ ಆ ಹಾಡುಗಳು ಹಿಡಿಸಿದ್ದವೇ? ಎಲ್ಲೂ ಬರೆದಿರಲಿಲ್ಲ. ಹಿಡಿಸದೆಯೂ ಓಡಿಸಿದ್ದರೆ ಅವನು ಇನ್ನೂ ದೊಡ್ಡವನು ಎಂದು ನನ್ನ ಎಣಿಕೆ.

ಹೊರಡುವ ದಿನ ಮನೆಯಲ್ಲಿ ಸಣ್ಣದೊಂದು ಜಗಳವಾಯಿತು. ಬೇಕೆಂದೇ ಮುದುಡಿಟ್ಟಿದ್ದ ಕಪ್ಪು ಟೀ ಶರ್ಟನ್ನು ಅವನ ತಾಯಿ ಇಸ್ತ್ರಿ ಮಾಡಿ, ತೋಳಿಗೆ ಕತ್ತಿಯ ಅಲಗಿನಂತಹ ಗೆರೆ ಕೂರಿಸಿದ್ದಳು. "ಅಮ್ಮ, ಇದು ಪಂಕ್!" ಎಂದು ಅವನು ಅತ್ತಂತೆ ಮಾಡಿದ. "ಯಾವುದಾದರೂ ಇರಲಿ, ನಾಲ್ಕು ಜನ ನೋಡುತ್ತಾರೆ" ಎಂದಳು. ಜೊತೆಗೆ ಒಗ್ಗರಣೆ ಹಾಕಿದ ಮಂಡಕ್ಕಿಯ ದೊಡ್ಡ ಪೊಟ್ಟಣ ಬೇರೆ.

ಮುಂಬೈ ಬಸ್ಸು ಬರುವುದು ಬೈಪಾಸಿಗೆ. ಅವನು ಆಟೋ ಹಿಡಿಯುತ್ತೇನೆಂದರೂ ಬಿಡದೆ ನಾನೇ ಸ್ಕೂಟರ್ ತೆಗೆದೆ. ಮಂಡಕ್ಕಿ ನನ್ನ ಕಾಲುಗಳ ನಡುವೆ, ಇಸ್ತ್ರಿಯ ಗೆರೆಗಳನ್ನು ಉಜ್ಜಿ ಅಳಿಸುತ್ತ ಮಗ ನನ್ನ ಬೆನ್ನ ಹಿಂದೆ.

"ಬಿಲ್ಲಿ ಜೋಗೆ ಮಂಡಿ ನೋವಿಲ್ಲವೇನೋ?" ಎಂದು ಕೇಳಿದೆ.

"ಅವರು ವೇದಿಕೆಯ ತುಂಬ ಓಡಾಡುತ್ತಾರೆ ಅಪ್ಪಾಜಿ. ನೀವು ಸ್ವಲ್ಪ ಜೋರಾಗಿ ಓಡಿಸಿ, ಬಸ್ಸು ತಪ್ಪುತ್ತದೆ."

ಆಗಲಿ ಎಂದೆ. ಆದರೆ ನಲವತ್ತು ದಾಟಿಸಲಿಲ್ಲ.