ಕಗ್ಗಲಡಿನ ಕೊಕ್ಕರೆಗಳು ಸೈಬೀರಿಯಾದವಲ್ಲ

ಶಿರಾ ತಾಲ್ಲೂಕಿನ ಕಗ್ಗಲಡಿಗೆ ಸೈಬೀರಿಯಾದ ಹಕ್ಕಿಗಳು ಬಂದಿವೆ, ಮರದಡಿ ಚಪ್ಪಾಳೆ ತಟ್ಟಿದರೆ ಒಟ್ಟಿಗೆ ಹಾರುತ್ತವೆ, ಒಳ್ಳೆ ವಿಡಿಯೋ ಸಿಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಮೊದಲ ಮಾತು ತಪ್ಪು, ಎರಡನೆಯದು ಅಪಾಯ.

ಅಲ್ಲಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವುದು ಬಣ್ಣದ ಕೊಕ್ಕರೆ: ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ. ಈ ಜಾತಿ ಇರುವುದೇ ದಕ್ಷಿಣ ಮತ್ತು ಆಗ್ನೇಯ ಏಷ್ಯಾದಲ್ಲಿ. ಕೆರೆಯ ನೀರು, ಮೀನು ನೋಡಿಕೊಂಡು ನಮ್ಮ ಸೀಮೆಯಲ್ಲೇ ಜಾಗ ಬದಲಿಸುತ್ತದೆ.

ಚಪ್ಪಾಳೆಗೆ ದೊಡ್ಡ ಹಕ್ಕಿ ಎದ್ದುಹೋದರೆ ಬೇಸಿಗೆಯ ಬಿಸಿಲು ನೇರವಾಗಿ ಮೊಟ್ಟೆ, ಮರಿಗಳ ಮೇಲೆ ಬೀಳುತ್ತದೆ. ಕಾಗೆ, ಹದ್ದಿಗೆ ಅಷ್ಟು ಹೊತ್ತು ಸಾಕು. ಬೆದರಿ ಕೆಳಗೆ ಬಿದ್ದ ಮರಿ ಉಳಿಯುವುದು ಕಷ್ಟ. ಗಾಡಿ ಊರಾಚೆ ನಿಲ್ಲಿಸಿ, ಬೈನಾಕ್ಯುಲರ್‌ನಲ್ಲಿ ದೂರದಿಂದ ನೋಡಿ. ಹಾರ್ನ್ ಬೇಡ, ಡ್ರೋನ್ ಬೇಡವೇ ಬೇಡ. (ಮರದಡಿ ನಿಂತರೆ ತಲೆ ಮೇಲೆ ಹಿಕ್ಕೆಯಂತೂ ಗ್ಯಾರಂಟಿ.)

ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.